ಅಂಗಡಿಯಲ್ಲಿ ಕೆಡದ ಚಾರ್ಜರು

"ಗುರುಗಳೇ, ಮಠದಲ್ಲಿ ಒಂಬತ್ತು ವರ್ಷದಿಂದ ನನಗೆ ಸಿಟ್ಟೇ ಬಂದಿಲ್ಲ. ಅಕ್ಕನ ಮನೆಯಲ್ಲಿ ಎರಡು ದಿನವೂ ತಡೆಯಲಾಗಲಿಲ್ಲ. ದೋಷ ಎಲ್ಲಿದೆ?"

ಕೇಳಿದವನು ಮರುಳಯ್ಯ. ಗಂಡನನ್ನು ಕಳೆದುಕೊಂಡ ಅಕ್ಕನಿಗೆ ಧೈರ್ಯ ಹೇಳಲು ಹದಿನೈದು ದಿನಕ್ಕೆಂದು ಹೋದವನು ಮೂರನೆಯ ದಿನವೇ ಮಠದಲ್ಲಿದ್ದ. ಅಕ್ಕ ಹೇಳಿದ್ದನ್ನೇ ಹೇಳಿ ಅಳುತ್ತಿದ್ದಳು. ತನಗೆ ಗೊತ್ತಿದ್ದ ಸಮಾಧಾನವನ್ನೆಲ್ಲ ಇವನು ಮೊದಲ ದಿನವೇ ಹೇಳಿ ಮುಗಿಸಿ, ಮಾರನೆಯ ದಿನ ರೇಗಿ ಚೀಲ ಎತ್ತಿಕೊಂಡು ಹೊರಟುಬಿಟ್ಟಿದ್ದ. ಇನ್ನು ಮಠ ಬಿಟ್ಟು ಕದಲಬಾರದೆಂದು ನಿಶ್ಚಯಿಸಿದ್ದರೂ ಅವನಿಗೆ ನೆಮ್ಮದಿ ಇರಲಿಲ್ಲ.

ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಬ್ಯಾಟರಿ ಚಾರ್ಜರು ರಿಪೇರಿಯಲ್ಲಿ ಎತ್ತಿದ ಕೈ, ಆದರೆ ಬಲು ಮಡಿವಂತ. ಬ್ಯಾಟರಿಯ ಆ್ಯಸಿಡ್ ಬಿದ್ದು ನೆಲ ಹಾಳಾಗುತ್ತದೆಂದು, ಬರೀ ಚಾರ್ಜರು ತನ್ನಿ, ಬ್ಯಾಟರಿ ತರಬೇಡಿ ಎಂದು ಬಾಗಿಲಲ್ಲೇ ಬರೆದು ಹಾಕಿದ್ದ. ಪರೀಕ್ಷೆಗೆ ಅವನದೇ ಒಂದು ಬ್ಯಾಟರಿ ಇತ್ತು. ದಿನಾ ಒರೆಸಿ, ಕುಂಕುಮವಿಟ್ಟು, ಸದಾ ತುಂಬಿಸಿಯೇ ಇಡುತ್ತಿದ್ದ.

ಬ್ಯಾಟರಿ ಆಟೋ ಓಡಿಸುವ ಹೆಂಗಸೊಬ್ಬಳು ಅವನಲ್ಲಿಗೆ ಚಾರ್ಜರು ತಂದಳು. ಸ್ವಿಚ್ ಹಾಕಿದ ಕೂಡಲೇ ದೀಪ ಹತ್ತುತ್ತದೆ, ಆರುತ್ತದೆ, ಮತ್ತೆ ಮೊದಲಿನಿಂದ ಶುರುವಾಗುತ್ತದೆ, ಬೆಳಗಾದರೂ ಬ್ಯಾಟರಿ ತುಂಬುವುದಿಲ್ಲ ಎಂದಳು. ಗಾಡಿ ಓಡದ ದಿನ ಅವಳ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಮೆಕ್ಯಾನಿಕ್ ತನ್ನ ಬ್ಯಾಟರಿಗೆ ಜೋಡಿಸಿ ನೋಡಿದ. ಹತ್ತಿದ ದೀಪ ಒಂದು ಗಂಟೆಯಾದರೂ ಆರಲಿಲ್ಲ. ಆದರೂ ಒಂದೆರಡು ವೈರು ಬದಲಿಸಿ ಕೊಟ್ಟ. ಅವಳು ಮತ್ತೆ ಬಂದಳು. ಬೆಸುಗೆಯನ್ನೆಲ್ಲ ಹೊಸದಾಗಿ ಹಾಕಿಕೊಟ್ಟ. ಮೂರನೆಯ ಸಲ ಬಂದಾಗ, ನಿನ್ನ ಮನೆಯ ಕರೆಂಟೇ ಸರಿಯಿಲ್ಲ ಎಂದುಬಿಟ್ಟ.

ಹೇಳಿದನೇನೋ ಹೌದು, ಆದರೆ ಅವನಿಗೆ ಊಟ ರುಚಿಸಲಿಲ್ಲ. ನನ್ನ ಮುಂದೆ ಇಷ್ಟು ಸಾಧುವಾಗಿರುವ ಚಾರ್ಜರು ಅಲ್ಲಿ ಮಾತ್ರ ಯಾಕೆ ಹಟ ಮಾಡುತ್ತದೆ? ಕುತೂಹಲ ತಡೆಯದೆ ಮೀಟರು ಹಿಡಿದು ಅವಳ ಮನೆಗೇ ಹೋದ. ಕರೆಂಟು ಸರಿಯಾಗಿಯೇ ಇತ್ತು. ಚಾರ್ಜರನ್ನು ಅವಳ ಬ್ಯಾಟರಿಗೆ ಜೋಡಿಸಿದ. ದೀಪ ಹತ್ತಿತು, ಆರಿತು, ಹತ್ತಿತು, ಆರಿತು. ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಸಾಮಾನ್ಯವಾಗಿ ಯಾವಾಗ ಚಾರ್ಜಿಗೆ ಹಾಕುತ್ತೀಯಮ್ಮಾ ಎಂದು ಕೇಳಿದ.

"ಗಾಡಿ ಇನ್ನೊಂದು ಮಾರು ಮುಂದಕ್ಕೆ ಹೋಗಲ್ಲ ಅಂದಾಗ. ತುಂಬಿದ್ರೆ ನಾನ್ಯಾಕೆ ಹಾಕ್ಲಿ, ಅಣ್ಣಾ?"

ಮೆಕ್ಯಾನಿಕ್ ನಾಚಿದ. ಎಷ್ಟು ಕರೆಂಟು ಕೊಡಬೇಕೆಂದು ನೋಡಿಕೊಳ್ಳುವ ಪುಟ್ಟ ಚಿಪ್ ಒಂದು ಚಾರ್ಜರಿನ ಒಳಗೇ ಇತ್ತು. ಬರಿದಾದ ಬ್ಯಾಟರಿ ಇದ್ದ ಶಕ್ತಿಯನ್ನೆಲ್ಲ ಒಂದೇ ಗುಟುಕಿಗೆ ಎಳೆದುಕೊಂಡಾಗ ಆ ಚಿಪ್ಪಿಗೂ ಏನೂ ಉಳಿಯದೆ ಅದು ಕಣ್ಣು ಮುಚ್ಚುತ್ತಿತ್ತು. ಎಚ್ಚರವಾದಾಗ ಹಿಂದಿನದೆಲ್ಲ ಮರೆತು, ಮತ್ತೆ ಎಲ್ಲವನ್ನೂ ಒಮ್ಮೆಗೇ ಸುರಿಯುತ್ತಿತ್ತು. ಅವನ ಅಂಗಡಿಯ ತುಂಬಿದ ಬ್ಯಾಟರಿ ಏನನ್ನೂ ಕೇಳುತ್ತಿರಲಿಲ್ಲ, ಹಾಗಾಗಿ ಚಾರ್ಜರು ಅಲ್ಲಿ ಸೋಲುತ್ತಲೂ ಇರಲಿಲ್ಲ.

ಅವನು ಎರಡು ಕೆಲಸ ಮಾಡಿದ. ಚಿಪ್ಪಿಗೆ ಬೇಕಾದಷ್ಟು ಶಕ್ತಿ ಯಾವಾಗಲೂ ಬೇರೆಯಾಗಿ ಉಳಿಯುವಂತೆ ಮಾಡಿದ. ಬರಿದಾದ ಬ್ಯಾಟರಿಗೆ ಮೊದಲು ನೂಲಿನಷ್ಟೇ ಕರೆಂಟು ಹೋಗಿ, ಅದು ಚೇತರಿಸಿಕೊಂಡ ಮೇಲೆ ಪೂರ್ತಿ ಹೋಗುವಂತೆ ಮಾಡಿದ. ಮಾರನೆಯ ಬೆಳಿಗ್ಗೆ ಗಾಡಿ ಓಡಿತು. ಅಂಗಡಿಯ ಬಾಗಿಲಿನ ಬರಹವನ್ನು ಅವನೇ ಅಳಿಸಿದ.

ಕತೆ ಮುಗಿಯಿತು. ಮರುಳಯ್ಯ, "ಹಾಗಾದರೆ ಅಂಗಡಿಯಲ್ಲಿ ಸರಿಯಾಗಿದ್ದಾಗಲೂ ಆ ಚಾರ್ಜರು ಕೆಟ್ಟೇ ಇತ್ತೇ, ಗುರುಗಳೇ?" ಎಂದ.

ಗುರುಗಳು ಕೇಳಿದರು: "ನಿನ್ನ ಅಕ್ಕನ ಊರಿಗೆ ಬಸ್ಸು ಎಷ್ಟು ಹೊತ್ತಿಗಿದೆ?"