ಬಳೆಗಾರ ಮುರಿಗೆಪ್ಪನ ಬಿಗಿ ಗಂಟು

ಬೈಲಹೊಂಗಲದ ಕಡೆಯ ಒಂದು ಊರಿನಲ್ಲಿ ಮುರಿಗೆಪ್ಪ ಎಂಬ ಬಳೆಗಾರನಿದ್ದ. ಗಾಜಿನ ಬಳೆಗಳನ್ನು ದಾರಕ್ಕೆ ಪೋಣಿಸಿ ಕಟ್ಟಿದ ಹೊರೆಗೆ ಮಲಾರ ಎನ್ನುತ್ತಾರೆ. ಹರೆಯದಲ್ಲಿ ಅವನು ಮಲಾರವನ್ನು ಹೆಗಲ ಮೇಲೆ ಹೊತ್ತು ಊರೂರು ನಡೆದ. ಆಮೇಲೆ ಸೈಕಲ್ಲಿಗೆ ಕಟ್ಟಿದ. ಅದಾದ ಮೇಲೆ ಬಸ್ಸಿನ ಟಾಪಿಗೆ ಏರಿಸಿದ. ನಲವತ್ತು ವರ್ಷದಲ್ಲಿ ದಾರಿಯ ಮೇಲೆ ಅವನ ಒಂದು ಬಳೆಯೂ ಒಡೆದಿರಲಿಲ್ಲ.

ಒಡೆದಿರಲಿಲ್ಲ ಎಂದು ಹೇಳಿದವನು ನಾನು. ಮುರಿಗೆಪ್ಪ ಹಾಗೆ ಹೇಳುವವನಲ್ಲ. ಮುತ್ತೈದೆಯರ ಕೈಯ ವಸ್ತು, ಅದಕ್ಕೆ ಅಶುಭ ನುಡಿಯಬಾರದು, ‘ಹೆಚ್ಚಾಯಿತು’ ಎನ್ನಬೇಕು ಎಂದು ಹಿರಿಯರು ಮಾಡಿಟ್ಟಿದ್ದಾರೆ. ಗಿರಾಕಿಯ ಕೈಯಲ್ಲಿ ಬಳೆ ಚೂರುಚೂರಾದರೂ ಮುರಿಗೆಪ್ಪನ ಬಾಯಲ್ಲಿ ಅದು ಹೆಚ್ಚಾಗಿಯೇ ಇರುತ್ತಿತ್ತು.

ಅವನ ಗುಟ್ಟೆಲ್ಲ ಗಂಟಿನಲ್ಲಿತ್ತು. ಡಜನ್ನಿಗೊಂದು ದಾರ, ನಡುವೆ ಕಾಗದ, ಮೇಲೆ ಬಿಗಿಯಾದ ಕಟ್ಟು. ಕಟ್ಟಿ ಮುಗಿದ ಮೇಲೆ ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದ. ಒಳಗಿಂದ ಕಿಣಿ ಎಂದು ಒಂದು ಸಪ್ಪಳ ಬಂದರೂ ಸಾಕು, ಅಷ್ಟನ್ನೂ ಬಿಚ್ಚಿ ಮತ್ತೆ ಕಟ್ಟುತ್ತಿದ್ದ. ಸೊಸೆ ವಿಶಾಲಾಳಿಗೂ ಅದನ್ನೇ ಕಲಿಸಿದ್ದ.

“ನೋಡವ್ವಾ, ಸಡಿಲ ಬಿಟ್ಟ ಬಳಿ ಉಳಿಯೂದಿಲ್ಲ. ಕೈಯಾಗ ಹಿಡ್ಕೊಂಡು ಹೊಂಟೀನಿ ಅಂತ ಗಂಟು ಸಡಿಲ ಮಾಡಬ್ಯಾಡ. ಕೈ ಮರೀತೈತಿ, ಗಂಟು ಮರಿಯೂದಿಲ್ಲ.”

ಇಷ್ಟು ತಿಳಿದವನು ತನ್ನ ಮೊಮ್ಮಗಳ ವಿಷಯದಲ್ಲಿ ಮಾತ್ರ ಎಲ್ಲವನ್ನೂ ಮರೆತುಬಿಡುತ್ತಿದ್ದ. ದೀಪದ ಬುಡದಲ್ಲಿ ಕತ್ತಲೆ ಎಂದು ಸುಮ್ಮನೆ ಹೇಳುತ್ತಾರೆಯೇ?

ಮೊಮ್ಮಗಳ ಹೆಸರು ನೀಲಾಂಬಿಕಾ. ಎರಡು ವರ್ಷ, ಹನ್ನೊಂದು ಕೇಜಿ. ಮನೆಯವರಿಗೆ ನೀಲು. ಮನೆಗೆ ಕಾರು ಬಂದಾಗ ವಿಶಾಲಾ ಓಡಿಸಲು ಕಲಿತಳು. ಕಲಿತ ತಿಂಗಳಲ್ಲೇ ಮಕ್ಕಳ ಸೀಟೊಂದನ್ನು ತಂದು ಕಾರಿನ ಹಿಂದಿನ ಸೀಟಿಗೆ ಬಿಗಿದಳು. ಅದಕ್ಕೆ ಎರಡು ಹೆಗಲಿಗೆ ಎರಡು ಪಟ್ಟಿ, ಸೊಂಟಕ್ಕೆರಡು, ಕಾಲ ನಡುವೆ ಒಂದು.

ಮುರಿಗೆಪ್ಪ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

“ಏನಿದು? ಕೂಸಿಗೆ ದಾವಣಿ ಹಾಕ್ತೀ ಏನು? ಎಮ್ಮಿ ಕರಾನ ಅದು? ಅಜ್ಜನ ತೊಡಿ ಇರಾಕ ಈ ಪ್ಲಾಸ್ಟಿಕ್ ಕುರ್ಚಿ ಯಾಕ?”

ನೀಲುವಿನದೂ ಅದೇ ಅಭಿಪ್ರಾಯ. ಪಟ್ಟಿ ಕಂಡ ಕೂಡಲೇ ಅವಳು ಬೆನ್ನು ಸೆಟೆಸಿ, ಕಾಲು ಝಾಡಿಸಿ, ಓಣಿಯವರೆಲ್ಲ ಬಾಗಿಲಿಗೆ ಬರುವ ಹಾಗೆ ಕೂಗುತ್ತಿದ್ದಳು. ನೋಡಿದವರು ವಿಶಾಲಾಳನ್ನೇ ಕಲ್ಲೆದೆಯವಳು ಎಂದುಕೊಳ್ಳುತ್ತಿದ್ದರು. ಆಕೆ ಪಟ್ಟಿ ಹಾಕಿಯೇ ಗಾಡಿ ಹೊರಡಿಸುತ್ತಿದ್ದಳು.

ಒಂದು ದಿನ ಹದಿನೆಂಟು ಕಿಲೋಮೀಟರ್ ಆಚೆಯ ಊರಿನಿಂದ ಕುಬಸದ ಕರೆ ಬಂತು. ಕುಬಸವೆಂದರೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ಕೂಸನ್ನೂ ಕರಕೊಂಡು ಬರ್ರಿ ಎಂದು ಆ ಮನೆಯವರು ಹೇಳಿದ್ದರು. ಬಂದ ಹೆಂಗಸರಿಗೆ ತೊಡಿಸುವ ಬಳೆಗಳನ್ನೆಲ್ಲ ಮುರಿಗೆಪ್ಪ ಬಿಗಿದು ಕಟ್ಟಿ, ಕಿವಿಗೆ ಹಿಡಿದು ನೋಡಿ, ಡಿಕ್ಕಿಯಲ್ಲಿ ಜೋಡಿಸಿದ. ಬಸುರಿಯ ಇಪ್ಪತ್ತೊಂದು ಬಳೆಗಳು ಮಾತ್ರ ಬೇರೆ. ಅವು ದಾರಿಯಲ್ಲಿ ಕೈ ಬಿಟ್ಟು ಕೆಳಗೆ ಇಳಿಯಬಾರದು ಎಂಬುದು ಅವನ ಮನೆತನದ ಪದ್ಧತಿ. ಅವನ್ನು ಹಿತ್ತಾಳೆ ಡಬ್ಬಿಯಲ್ಲಿಟ್ಟು ತೊಡೆಯ ಮೇಲೆ ಇಟ್ಟುಕೊಂಡೇ ಹೋಗಬೇಕು. ಡಬ್ಬಿ, ಬಳೆ ಎರಡೂ ಸೇರಿ ಒಂದೂವರೆ ಕೇಜಿ.

ಬೆಳಿಗ್ಗೆ ಒಂಬತ್ತಕ್ಕೆ ಹೊರಟರು. ವಿಶಾಲಾ ಓಡಿಸುತ್ತಿದ್ದಳು. ಹಿಂದೆ ಸೀಟಿನಲ್ಲಿ ಪಟ್ಟಿ ಹಾಕಿಸಿಕೊಂಡ ನೀಲು, ಪಕ್ಕದಲ್ಲಿ ಡಬ್ಬಿ ಹಿಡಿದ ಅಜ್ಜ. ಊರ ಅಗಸಿ ಬಾಗಿಲು ದಾಟುವ ಮೊದಲೇ ನೀಲು ಶುರು ಮಾಡಿದಳು. ಕೆರೆ ದಾಟುವಾಗ ಅವಳ ಮುಖ ಕೆಂಪಾಗಿತ್ತು. “ಅಜ್ಜಾ, ಎತ್ತಕೋ, ಎತ್ತಕೋ” ಎಂದು ಎರಡೂ ಕೈ ಚಾಚಿದಳು. ಯಾವ ಅಜ್ಜ ತಡೆದಾನು? ಮುರಿಗೆಪ್ಪ ಡಬ್ಬಿಯನ್ನು ತೊಡೆಯ ಸಂದಿಗೆ ಒತ್ತರಿಸಿಕೊಂಡು, ಗುಂಡಿ ಒತ್ತಿ ಪಟ್ಟಿ ಬಿಚ್ಚಿ, ಕೂಸನ್ನು ಎದೆಗೆ ಅವಚಿಕೊಂಡ. ಅಳು ಒಮ್ಮೆಲೇ ನಿಂತಿತು.

ಆ ನಿಶ್ಶಬ್ದದಿಂದಲೇ ವಿಶಾಲಾಳಿಗೆ ಗೊತ್ತಾಯಿತು. ಕನ್ನಡಿಯಲ್ಲಿ ನೋಡಿ, ಕಾರನ್ನು ರಸ್ತೆಯ ಬದಿಗೆ ತೆಗೆದು ನಿಲ್ಲಿಸಿದಳು.

“ಮಾವಾರ, ನೀಲೂನ್ನ ಸೀಟಿನ್ಯಾಗ ಕುಂಡರಸ್ರಿ.”

“ಅಳಾಕತ್ತಿತ್ತವಾ. ನಾ ಗಟ್ಟಿಯಾಗಿ ಹಿಡದೀನಿ, ನೀ ನಡಿ.”

“ಪಟ್ಟಿ ಹಾಕೂತನಾ ಗಾಡಿ ಹೊಂಡೂದಿಲ್ರಿ.”

ಹೀಗೆಂದು ಕೀಲಿ ತಿರುಗಿಸಿ ಇಂಜಿನ್ ಬಂದ್ ಮಾಡಿದಳು. ಮದುವೆಯಾಗಿ ಬಂದು ಐದು ವರ್ಷವಾದರೂ ಮಾವನ ಮಾತಿಗೆ ಎದುರು ಮಾತಾಡಿದವಳಲ್ಲ. ಮುರಿಗೆಪ್ಪನಿಗೆ ಸಿಟ್ಟು ಬಂತು. ಬಂದದ್ದನ್ನು ಆಡಿಯೇ ತೀರಿಸಿದ.

“ನಲವತ್ತು ವರ್ಷ ಗಾಜು ಹೊತ್ತ ಕೈಯಿವು. ಒಂದು ಬಳಿ ಜಾರಗೊಟ್ಟಿಲ್ಲ. ನನ್ನ ಮೊಮ್ಮಗಳನ್ನ ಜಾರಗೊಡ್ತೀನೇನ? ಹೊತ್ತಾತು, ಅಲ್ಲಿ ಮುಹೂರ್ತ ತಪ್ಪತೈತಿ!”

“ತಪ್ಪಲಿ ಬಿಡ್ರಿ. ಕೈ ಮರೀತೈತಿ, ಗಂಟು ಮರಿಯೂದಿಲ್ಲ ಅಂತ ನನಗ ಹೇಳಿದಾವ್ರು ನೀವ ಅಲ್ರೀ?”

ಕಲಿಸಿದ ಪಾಠವೇ ತಿರುಗಿ ಬಂದರೆ ಗುರುವಿಗೆ ನುಂಗಲು ಕಷ್ಟ. ಮುರಿಗೆಪ್ಪ ಕಿಟಕಿಯ ಹೊರಗೆ ನೋಡುತ್ತ ಕುಳಿತ. ಎರಡು ಬಸ್ಸು ಹೋದವು. ಒಂದು ಕುರಿ ಹಿಂಡು ನಿಧಾನವಾಗಿ ಹೋಯಿತು. ವಿಶಾಲಾ ಸ್ಟಿಯರಿಂಗಿನ ಮೇಲೆ ಕೈಯಿಟ್ಟುಕೊಂಡು ಕುಳಿತೇ ಇದ್ದಳು. ಕೊನೆಗೆ ಅವನೇ ಸೋತ.

“ಅಕೀನೂ ಕಟ್ಟತೀನಿ, ನನ್ನೂ ಕಟ್ಟಿಬಿಡು. ಮನಿಮಂದಿನೆಲ್ಲ ಕಟ್ಟು!” ಎಂದು ಗೊಣಗುತ್ತ ಕೂಸನ್ನು ಕೂರಿಸಿ ಪಟ್ಟಿ ಹಾಕಿದ. ಹಟಕ್ಕೆ ತನ್ನ ಬೆಲ್ಟನ್ನೂ ಎಳೆದು ಹಾಕಿಕೊಂಡ. ಹಿತ್ತಾಳೆ ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದ. “ಇದನ್ನರ ನನ್ನ ಕೈಯಾಗ ಬಿಡು” ಎಂದ.

ವಿಶಾಲಾ ಬಗ್ಗಿ ನೀಲುವಿನ ಪಟ್ಟಿಯನ್ನು ಒಮ್ಮೆ ಎಳೆದು ನೋಡಿ, ಒಂದು ಬೆರಳಷ್ಟು ಬಿಗಿ ಮಾಡಿ, ಗಾಡಿ ಹೊರಡಿಸಿದಳು. ನೀಲು ಬಿಟ್ಟಲ್ಲಿಂದ ಮತ್ತೆ ಶುರು ಮಾಡಿದಳು.

ಆ ಊರು ಇನ್ನು ಮೂರು ಕಿಲೋಮೀಟರ್ ಇತ್ತು. ಕಬ್ಬಿನ ಹೊಲಗಳ ನಡುವೆ ಎಡಗಡೆಯ ಬಂಡಿದಾರಿಯಿಂದ ಒಂದು ಟ್ರ್ಯಾಕ್ಟರ್ ನೋಡದೆ ರಸ್ತೆಗೆ ನುಗ್ಗಿತು. ವಿಶಾಲಾ ಇದ್ದಬಿದ್ದ ಬಲವನ್ನೆಲ್ಲ ಹಾಕಿ ಬ್ರೇಕ್ ತುಳಿದಳು. ಟೈರುಗಳು ಕಿರುಚಿದವು. ಟ್ರ್ಯಾಕ್ಟರಿಗೆ ಒಂದು ಮೊಳ ಇರುವಾಗ ಕಾರು ನಿಂತಿತು.

ಮುರಿಗೆಪ್ಪನನ್ನು ಬೆಲ್ಟು ಹಿಡಿಯಿತು. ನೀಲುವನ್ನು ಪಟ್ಟಿ ಹಿಡಿಯಿತು. ಡಬ್ಬಿಯನ್ನು ಹಿಡಿದದ್ದು ಕೈ.

ಅದು ಯಾವಾಗ ಹೋಯಿತೆಂದು ಅವನಿಗೆ ತಿಳಿಯಲೇ ಇಲ್ಲ. ಮುಂದಿನ ಎರಡು ಸೀಟಿನ ನಡುವಿನಿಂದ ಹಾರಿ ಡ್ಯಾಶ್‌ಬೋರ್ಡಿಗೆ ಬಡಿದಿತ್ತು. ಮುಚ್ಚಳ ಕಳಚಿ, ಹಸಿರು ಗಾಜಿನ ಚೂರು ಮುಂದಿನ ಸೀಟಿನ ತುಂಬ ಚೆಲ್ಲಿತ್ತು. ಡಬ್ಬಿಯ ಒಂದು ಮಗ್ಗಲು ಒಳಕ್ಕೆ ನೆಗ್ಗಿತ್ತು.

ನೀಲು ಅಳು ನಿಲ್ಲಿಸಿ ಸುತ್ತ ನೋಡಿದಳು. ಆಮೇಲೆ, “ಅವ್ವಾ, ಇನ್ನೊಮ್ಮಿ!” ಎಂದಳು.

ಟ್ರ್ಯಾಕ್ಟರಿನವನು ಕೈಮುಗಿದು, “ತಪ್ಪಾತ್ರೀ ಅಕ್ಕಾರ” ಎಂದು ಹಿಂದೆ ಸರಿದ. ವಿಶಾಲಾ ಅವನ ಕಡೆ ತಿರುಗಿಯೂ ನೋಡಲಿಲ್ಲ. ಇಳಿದು ಬಂದು ಹಿಂದಿನ ಬಾಗಿಲು ತೆರೆದು ಕೂಸಿನ ತಲೆ, ಕೈ, ಕಾಲು ಮುಟ್ಟಿ ನೋಡಿದಳು. ಅಂಗಿಯ ಮೇಲೆ ಪಟ್ಟಿಯ ಗೆರೆ ಮೂಡಿತ್ತು, ಅಷ್ಟೇ.

ಮುರಿಗೆಪ್ಪ ತನ್ನ ಅಂಗೈಗಳನ್ನೇ ನೋಡುತ್ತಿದ್ದ. ಒಂದೂವರೆ ಕೇಜಿ ಡಬ್ಬಿ. ಎರಡು ಕೈ. ಬಿಡಬಾರದೆಂಬ ಪೂರ್ತಿ ಎಚ್ಚರ. ಆದರೂ ಉಳಿಯಲಿಲ್ಲ.

“ವಿಶಾಲಾ, ಬಳಿ ಒಡದೂವು” ಎಂದ.

ಅವಳು ಬೆಚ್ಚಿದಳು. ಆ ಮಾತನ್ನು ಆ ಬಾಯಲ್ಲಿ ಅವಳೆಂದೂ ಕೇಳಿರಲಿಲ್ಲ. “ಹಂಗ ಅನಬಾರ್ದ್ರೀ ಮಾವಾರ. ಹೆಚ್ಚಾದೂವು ಅನ್ರಿ.”

“ಬಳಿಗಾದ್ರ ಹಂಗ ಅನ್ನಾಕ ಹಿರಿಯಾರು ಒಂದು ಮಾತು ಇಟ್ಟು ಹೋಗ್ಯಾರ. ಆ ಡಬ್ಬಿ ಜಾಗಾದಾಗ ಈಕಿ ಇದ್ದಿದ್ರ, ನಾ ಏನಂತ ಹೇಳ್ತಿದ್ದೆನವ್ವಾ?”

ಅಂಥದ್ದಕ್ಕೆ ಯಾವ ಹಿರಿಯರೂ ಮೆತ್ತನೆಯ ಮಾತನ್ನು ಮಾಡಿಟ್ಟಿಲ್ಲ. ಮಾವ ಅತ್ತ, ಸೊಸೆಯೂ ಅತ್ತಳು. ಅಳದೆ ಇದ್ದವಳು ನೀಲು ಒಬ್ಬಳೇ.

ಡಿಕ್ಕಿ ತೆರೆದು ನೋಡಿದರೆ ಅಲ್ಲಿನ ಬಳೆಗಳು ಇದ್ದ ಹಾಗೇ ಇದ್ದವು. ಮುರಿಗೆಪ್ಪ ಒಂದೊಂದು ಕಟ್ಟನ್ನೂ ಕಿವಿಗೆ ಹಿಡಿದು ಅಲುಗಿಸಿದ. ಎಲ್ಲಿಯೂ ಸಪ್ಪಳವಿಲ್ಲ. ಅದರಲ್ಲೇ ಇಪ್ಪತ್ತೊಂದು ಹಸಿರು ಬಳೆ ಆರಿಸಿ ಬಸುರಿಗೆ ತೊಡಿಸಿದರು. ಮುಹೂರ್ತಕ್ಕೆ ಕಾಲು ಗಂಟೆ ತಡವಾಯಿತು. ಯಾರಿಗೂ ಏನೂ ಆಗಲಿಲ್ಲ.

ಊಟ ಮುಗಿಸಿ ಹೊರಡುವಾಗ ಮುರಿಗೆಪ್ಪ ತಾನೇ ನೀಲುವನ್ನು ಸೀಟಿನಲ್ಲಿ ಕೂರಿಸಿದ. ಅವಳು ಬೆನ್ನು ಸೆಟೆಸಿದಳು, ಅಜ್ಜನ ಮೀಸೆಗೇ ಕೈ ಹಾಕಿದಳು. ಅವನು ಬಿಡಲಿಲ್ಲ. ಐದೂ ಪಟ್ಟಿ ಸೇರಿಸಿ, ಮಲಾರ ಬಿಗಿಯುವ ಹಾಗೆ ಬಿಗಿದು, ಎಳೆದು ನೋಡಿದ. ನೀಲು ಕೂಗಿಕೊಂಡಳು.

ಕುಬಸದ ಮನೆಯ ಮುದುಕಿಯೊಬ್ಬಳು ಕಟ್ಟೆಯ ಮೇಲಿಂದಲೇ ಕೇಳಿದಳು: “ಯಾಕೋ ಮುರಿಗೆಪ್ಪಾ, ಕೂಸನ್ನ ಹಂಗ ಅಳಸ್ತಿ? ತೊಡಿ ಮ್ಯಾಲ ಇಟಗೋಬಾರ್ದ?”

“ಅಳ್ಳಿ ಬಿಡ ಎವ್ವಾ. ಅಳೂ ಕೂಸು ಮನಿ ಮುಟ್ಟತೈತಿ” ಎಂದು ಮುರಿಗೆಪ್ಪ ಬಾಗಿಲು ಹಾಕಿಕೊಂಡ.

ನೀತಿ: ಕೂಸನ್ನು ಎದೆಗವಚಿಕೊಳ್ಳಲು ಮನೆಯಲ್ಲಿ ಇಡೀ ದಿನವಿದೆ. ಓಡುವ ಕಾರಿನಲ್ಲಿ ಅದರ ಜಾಗ ಅಜ್ಜನ ತೊಡೆಯಲ್ಲ, ಅವ್ವನ ಮಡಿಲಲ್ಲ, ಅದರದೇ ಸೀಟು, ಬಿಗಿದ ಪಟ್ಟಿ. ಪ್ರೀತಿ ಎಷ್ಟೇ ಇರಲಿ, ಕೈಗೆ ಇರುವುದು ಕೈಯಷ್ಟೇ ಬಲ. ಗಾಜನ್ನು ಜೋಪಾನವಾಗಿ ಕಟ್ಟುವವರು ಮಕ್ಕಳನ್ನು ಸಡಿಲ ಬಿಡಬಾರದು. ಅತ್ತರೆ ಅಳಲಿ, ಊರು ಮುಟ್ಟಿದ ಮೇಲೆ ರಮಿಸಿದರಾಯಿತು.