ಚಳಿಬೆಟ್ಟದ ಭತ್ತಕ್ಕೆ ಚೋಟು ಜಾಗ

ಲೋಕ ಆಗಷ್ಟೇ ಕಣ್ಣು ಬಿಟ್ಟಿತ್ತು. ಬೆಟ್ಟದ ಮಣ್ಣು ಇನ್ನೂ ಹಸಿಯಾಗಿತ್ತು. ಗಾಳಿಗೂ ಪೈರಿಗೂ ಮಾತು ಬರುತ್ತಿತ್ತು. ಮನುಷ್ಯರಿಗೆ ಆ ಮಾತು ತಿಳಿಯುತ್ತಲೂ ಇತ್ತು.

ಆ ಕಾಲದಲ್ಲಿ ದೇಚವ್ವ ಎಂಬ ಹೆಂಗಸು ಗಂಡ ಕುಟ್ಟಯ್ಯನ ಜೊತೆ ಚಳಿಬೆಟ್ಟಕ್ಕೆ ಬಂದು ನೆಲೆಸಿದಳು. ಇಬ್ಬರೂ ಕಲ್ಲು ಕಿತ್ತು, ಬದು ಕಟ್ಟಿ, ಒಂದು ಗದ್ದೆ ಮಾಡಿದರು. ಕೆಳಗೆ ಬಯಲಿನಲ್ಲಿದ್ದ ಅಕ್ಕ ಬಿತ್ತನೆ ಭತ್ತ ಕೊಟ್ಟು, ಗೇಣಿಗೊಂದು ಸಸಿ ನೆಡು ಎಂದು ಹೇಳಿ ಕಳಿಸಿದಳು.

ದೇಚವ್ವ ಹಾಗೇ ನೆಟ್ಟಳು. ಅಕ್ಕನ ಗದ್ದೆಯಲ್ಲಿ ಒಂದೊಂದು ಸಸಿಯೂ ಬುಡದಿಂದ ಹತ್ತು ಹದಿನೈದು ಮರಿ ಒಡೆದು ಜಾಗ ತುಂಬಿಕೊಂಡಿತು. ಬೆಟ್ಟದ ಗದ್ದೆಯಲ್ಲಿ ಎರಡು ಮರಿ ಒಡೆದು ಸುಮ್ಮನಾಯಿತು. ನಡುವೆಲ್ಲ ಬರೀ ನೀರು. ಸುಗ್ಗಿಗೆ ಬುಟ್ಟಿಯ ತಳ ಮುಚ್ಚಿದ್ದೇ ಹೆಚ್ಚು.

ಮರುವರ್ಷ ದೇಚವ್ವ ಹಟ ಹಿಡಿದು, ಬೆರಳು ತೂರದಷ್ಟು ಒತ್ತಾಗಿ ನೆಟ್ಟಳು. ಗದ್ದೆ ಕಣ್ಣು ತುಂಬುವಷ್ಟು ಹಸಿರಾಯಿತು. ಆದರೆ ಬಿಸಿಲು ಬುಡಕ್ಕೆ ಇಳಿಯಲಿಲ್ಲ. ತಳದ ಎಲೆ ಕೊಳೆಯಿತು, ಕಡ್ಡಿ ಸಣಕಲಾಯಿತು. ಗಾಳಿ ಬೀಸಿದ್ದೇ ತಡ, ಇಡೀ ಗದ್ದೆ ಮಲಗಿಬಿಟ್ಟಿತು. ಕೊಯ್ದರೆ ಬರೀ ಜೊಳ್ಳು.

ಮೂರನೇ ವರ್ಷ, ಅಕ್ಕ ಕೊಟ್ಟದ್ದರಲ್ಲಿ ಉಳಿದದ್ದು ಒಂದೇ ಬುಟ್ಟಿ ಭತ್ತ. ಅದನ್ನು ಉಂಡು ಅಕ್ಕನ ಊರಿಗೆ ಇಳಿದುಬಿಡೋಣ ಎಂದ ಕುಟ್ಟಯ್ಯ.

"ಇದೊಂದು ಮಳೆಗಾಲ ತಡೆಯಿರಿ," ಎಂದಳು ದೇಚವ್ವ. "ಈ ಸಲವೂ ಸೋತರೆ ನೀವು ಕರೆದಲ್ಲಿಗೆ ಬರುತ್ತೇನೆ."

ಕುಟ್ಟಯ್ಯ ಆಗಲಿ ಎಂದ. ಭತ್ತವನ್ನು ಬಿತ್ತಿ, ಗೆಡ್ಡೆಗೆಣಸು ತಿಂದು ದಿನ ನೂಕಿದರು.

ಮಡಿಯಲ್ಲಿ ಸಸಿ ಬೆಳೆದ ಮೇಲೆ ದೇಚವ್ವ ಒಂದನ್ನು ಕಿತ್ತುಕೊಂಡು ಗದ್ದೆಗಿಳಿದು ನೆಟ್ಟಳು. ನೀರು ಎಷ್ಟು ತಣ್ಣಗಿತ್ತೆಂದರೆ ಅವಳ ಪಾದ ಮರಗಟ್ಟಿತು. ಎರಡೇ ಮರಿಗೆ ಯಾಕೆ ನಿಲ್ಲಿಸುತ್ತೀ ಎಂದು ಸಸಿಯನ್ನು ಕೇಳಿದಳು.

"ನಿನ್ನ ಕಾಲಿಗೇ ಇಷ್ಟು ಚಳಿಯಾದರೆ ನನ್ನ ಬೇರಿಗೆ ಹೇಗಿರಬೇಡ?" ಎಂದಿತು ಸಸಿ. "ಇಲ್ಲಿ ಹೆಚ್ಚು ಮರಿ ಸಾಕಲಾರೆ. ಜಾಗ ತುಂಬಬೇಕಾದರೆ ನನ್ನ ಜೊತೆ ಇನ್ನೆರಡು ಸಸಿ ಸೇರಿಸಿ ಗುಂಪು ಮಾಡು, ಪಕ್ಕದ ಗುಂಪನ್ನೂ ಹತ್ತಿರ ನಿಲ್ಲಿಸು."

ಪೈರನ್ನು ಯಾಕೆ ಕೆಡವಿದೆ ಎಂದು ಗಾಳಿಯನ್ನೂ ಕೇಳಿದಳು. ಕೆಡವಬೇಕೆಂದು ಬಂದಿರಲಿಲ್ಲ, ದಾರಿ ಸಿಗದೆ ನೂಕಿದೆ ಎಂದಿತು ಗಾಳಿ.

ದೇಚವ್ವ ಸಸಿಯ ಪಕ್ಕ ಕೈ ಚಾಚಿದಳು. ಪೂರ್ತಿ ಗೇಣು ಹಿಡಿದರೆ ಸಸಿ ಒಪ್ಪಲಿಲ್ಲ. ಬೆರಳು ಕೂಡಿಸಿದರೆ ಗಾಳಿ ಒಪ್ಪಲಿಲ್ಲ. ಅವಳು ಮನೆಗೆ ಹೋಗಲಿಲ್ಲ. ಹೊತ್ತು ಇಳಿಯುವವರೆಗೂ ಬೆರಳು ಬಿಚ್ಚುತ್ತ, ಮಡಚುತ್ತ, ಇಬ್ಬರನ್ನೂ ಕೇಳುತ್ತಲೇ ನಿಂತಳು. ಕೊನೆಗೆ ಹೆಬ್ಬೆರಳು, ತೋರುಬೆರಳು ಎರಡನ್ನೇ ಚಾಚಿ ಚೋಟು ಹಿಡಿದಳು. ಗಾಳಿ ನಡುವೆ ತಣ್ಣಗೆ ಹಾದುಹೋಯಿತು.

"ಇಷ್ಟು ಸಾಕು," ಎಂದಿತು ಸಸಿ.

ಮರುದಿನ ಚೋಟಿಗೊಂದು ಗುಂಪು, ಗುಂಪಿಗೆ ಮೂರು ಸಸಿ ನೆಡತೊಡಗಿದಳು. ಸೊಂಟ ನೊಂದರೂ ಅಳತೆ ತಪ್ಪಿಸಲಿಲ್ಲ. ಅವಳ ಬೆರಳು ಸೆಟೆದುಕೊಂಡದ್ದು ಕಂಡು ಕುಟ್ಟಯ್ಯನೂ ಗದ್ದೆಗಿಳಿದ. ಆ ವರ್ಷ ಪೈರು ಮಲಗಲಿಲ್ಲ, ಕಾಳು ಜೊಳ್ಳಾಗಲಿಲ್ಲ. ಭತ್ತ ಹೊರಲು ಅವನು ಏಳು ಸಲ ಗದ್ದೆಗೂ ಮನೆಗೂ ನಡೆದ. ಬೆಟ್ಟ ಇಳಿಯುವ ಮಾತು ಮತ್ತೆ ಆಡಲಿಲ್ಲ.

ಅದಕ್ಕೇ ಮಗೂ, ಬಯಲಿನಲ್ಲಿ ಗೇಣು ಬಿಟ್ಟು ನೆಡುವ ಭತ್ತವನ್ನು ಚಳಿಬೆಟ್ಟದಲ್ಲಿ ಇವತ್ತಿಗೂ ಚೋಟು ಬಿಟ್ಟು ನೆಡುತ್ತಾರೆ. ಗಾಳಿ ಬಂದಾಗ ಆ ಪೈರು ಒಟ್ಟಿಗೇ ಬಾಗಿ, ಅದು ದಾಟಿದ ಮೇಲೆ ಒಟ್ಟಿಗೇ ಎದ್ದು ನಿಲ್ಲುವುದನ್ನು ನೀನೂ ನೋಡಿದ್ದೀಯಲ್ಲ.