ಹಗ್ಗದ ಕೊನೆಯ ಜಾಗ

ಬಾ ಕೂಸೇ, ಕಾಲು ಒರೆಸ್ಕೊಂಡು ಮಲಕ್ಕೋ. ಅರ್ಧಕ್ಕೇ ನಿದ್ದೆ ಮಾಡಿ ನಾಳೆ ಮತ್ತೆ ಮೊದಲಿಂದ ಹೇಳು ಅನ್ನಬಾರದು, ನನಗೆ ಬಾಯಿ ನೋಯ್ತದೆ.

ಒಂದಾನೊಂದು ಕಾಲದಲ್ಲಿ, ಮೋಟಾರು ದೋಣಿ ಅಂದ್ರೆ ಏನು ಅಂತ ಸಮುದ್ರಕ್ಕೂ ಗೊತ್ತಿಲ್ಲದ ಕಾಲದಲ್ಲಿ, ದಂಡೆ ಮೇಲೆ ಒಂದು ಊರಿತ್ತಂತೆ. ಊರಿಗೆ ಎರಡು ಕೇರಿ, ಒಂದೊಂದು ಕೇರಿಗೆ ಒಂದೊಂದು ದೇವರು, ಆದರೆ ಬಲೆ ಮಾತ್ರ ಇಬ್ಬರಿಗೂ ಸೇರಿ ಒಂದೇ. ರಂಪಣಿ ಬಲೆ ಅಂತ, ಬಲು ದೊಡ್ಡದು. ದೋಣಿಯವರು ಅದನ್ನ ಸಮುದ್ರದಲ್ಲಿ ಸುತ್ತ ಬಿಟ್ಟು ಬಂದ್ರೆ, ಎರಡೂ ಕೇರಿಯವರು ದಂಡೇಲಿ ನಿಂತು ಹಗ್ಗ ಹಿಡಿದು ಎಳೀತಿದ್ರಂತೆ. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಲ್ಲಿ ಪಾಲು. ದಾರೀಲಿ ಹೋಗೋ ಪರದೇಶಿ ಬಂದು ಕೈ ಹಚ್ಚಿದ್ರೂ ಪಾಲು. ಅದು ಆ ಊರಿನ ಪದ್ಧತಿ.

ಅಲ್ಲಿ ಮಂಕಾಳಿ ಅಂತ ಒಬ್ಬಳು, ಅವಳಿಗೆ ಮೂರು ಜನ ಗಂಡುಮಕ್ಕಳಂತೆ. ದೊಡ್ಡವನು ದೋಣಿಗೆ ಹೋಗ್ತಿದ್ದ, ನಡುವಿನವನು ಬಲೆ ಹೆಣೀತಿದ್ದ, ಕಿರಿಯವನು ಜಟ್ಟ, ಆಗಷ್ಟೇ ಮೀಸೆ ಚಿಗುರಿತ್ತು, ಹಗ್ಗದ ತೀರಾ ಕೊನೆಗೆ ನಿಂತು ಎಳೀತಿದ್ದ. ಒಂದು ದಿನ ಏನಾಯ್ತು, ಮೀನು ತುಂಬಿದ ಬಲೆ ಇನ್ನೇನು ದಡಕ್ಕೆ ಬರಬೇಕು, ಜಟ್ಟ ಕಾಲು ಜಾರಿ ಬಿದ್ದ, ಅವನ ಹಿಂದೆ ಯಾರೂ ಇಲ್ಲ, ಹಗ್ಗ ಸಡಿಲಾಯ್ತು, ಆಮೇಲೆ ಮೀನೆಲ್ಲ ಬಲೆ ಅಡಿಯಿಂದ ನುಸುಳಿ ಹೋಯ್ತಂತೆ. ಬಲೆ ಎಳೆಸೋ ಮುಂದಾಳಿಗೆ ಆಗ ತಂಡೇಲ ಅಂತಿದ್ರು, ಹೊನ್ನಪ್ಪ ಅಂತ ಅವನ ಹೆಸರು. ಅವನು ಎಲ್ಲರ ಎದುರಿಗೆ, ಇನ್ನು ಮೇಲೆ ನೀನು ಹಗ್ಗ ಮುಟ್ಟಬೇಡ ಅಂದುಬಿಟ್ಟ.

ಸಿಟ್ಟಲ್ಲಿ ಅಂದದ್ದು. ಮಾರನೇ ದಿನಕ್ಕೆ ಅವನಿಗೇ ಮರೆತುಹೋಗಿತ್ತು. ಆದರೆ ಬಾರೋ ಅಂತ ಯಾರೂ ಕರೀಲಿಲ್ಲ. ಪಾಪ ಹುಡುಗ ಅಂತ ಅವನ ಪಾಲಿನ ಮೀನು ಮಾತ್ರ ದಿನಾ ಮನೆಗೇ ಕಳಿಸ್ತಿದ್ರಂತೆ, ತಾವು ಭಾರಿ ಒಳ್ಳೆಯವರು ಅಂದ್ಕೊಂಡಿದ್ರು. ನನಗೆ ಸಿಟ್ಟು ಬರೋದು ಇದಕ್ಕೇ ನೋಡು. ಅವನಿಗೆ ಬೇಕಾಗಿದ್ದು ಬಂಗುಡೆ ಮೀನಲ್ಲ ಕೂಸೇ. ಊರೆಲ್ಲ ಓ ಅಂತ ಕೂಗಿ ಹಗ್ಗ ಎಳಿಯುವಾಗ ಇವನೊಬ್ಬ ತೆಂಗಿನ ಬುಡದಲ್ಲಿ ಕೂತು ಕೈ ಹಿಸುಕಿಕೊಳ್ತಿದ್ದನಂತೆ. ಊಟಕ್ಕೆ ಕೂತರೆ ಆ ಮೀನನ್ನ ತಟ್ಟೆ ಅಂಚಿಗೆ ಸರಿಸಿ ಏಳ್ತಿದ್ದ.

ಆಮೇಲೆ ಒಂದು ದಿನ ಎಲ್ಲಿಂದಲೋ ಒಬ್ಬ ಬಂದು ಗುಡ್ಡದ ಮೇಲೆ ಬೆಂಕಿ ಹಾಕ್ಕೊಂಡು ಕೂತನಂತೆ. ಮೆತ್ತನೆ ಮಾತಿನವನು. ಜಟ್ಟನ್ನ ನೋಡಿದ್ದೇ, ಬಾ ಮಗಾ, ದೇವರು ನಿನ್ನನ್ನೇ ಕಾಯ್ತಿದ್ದ ಅಂದ. ಬಾ ಅನ್ನೋ ಮಾತು ಕೇಳಿ ಎಷ್ಟು ಕಾಲ ಆಗಿತ್ತೋ ಏನೋ, ಜಟ್ಟ ಹೋಗಿ ಕೂತ. ಅವನಂಥ ಹುಡುಗರು ಇನ್ನೂ ಇದ್ರು, ಸರಿದು ಜಾಗ ಕೊಟ್ರು. ಸುಮ್ಮನೆ ಹೇಳಬಾರದು, ಅವತ್ತು ಅವನಿಗೆ ಒಳ್ಳೆ ನಿದ್ದೆ ಬಂತಂತೆ.

ಆಮೇಲೆ ಗುಡ್ಡದವನು ಪರೀಕ್ಷೆ ಇಡೋಕೆ ಶುರು ಮಾಡಿದ. ಮೊದಲನೇದು, ಮನೆ ಊಟ ಬಿಡು ಅಂದ. ಬಿಟ್ಟ. ಎರಡನೇದು, ಆಚೆ ಕೇರಿಯವರು ದೇವರ ವೈರಿಗಳು, ಅವರನ್ನ ಮಾತಾಡಿಸಬೇಡ ಅಂದ. ಜಟ್ಟನಿಗೆ ಈಜು ಕಲಿಸಿದ ಬುದ್ಯಜ್ಜ ಆಚೆ ಕೇರಿಯವನೇ. ಅವನು ಎದುರಿಗೆ ಸಿಕ್ಕಿ, ಏನೋ ಮಗಾ, ಸೊರಗಿದ್ದೀಯಲ್ಲೋ ಅಂದ್ರೂ ಇವನು ಮುಖ ತಿರುಗಿಸಿ ಹೋದನಂತೆ. ಕಷ್ಟ ಆಯ್ತು, ಆದರೂ ಹೋದ. ಗುಡ್ಡದವನು ಬೆನ್ನು ತಟ್ಟಿ ಭೇಷ್ ಅಂದನಲ್ಲ, ಅಷ್ಟು ಸಾಕಾಯ್ತು ಅವನಿಗೆ.

ದೊಡ್ಡಣ್ಣ ಗುಡ್ಡ ಹತ್ತಿ ಬೈದು ಬಂದ. ನಡುವಿನವನು ಹುರಿದ ಮೀನು ಕಟ್ಕೊಂಡು ಹೋಗಿ ಗೋಗರೆದು ಬಂದ. ಜಟ್ಟ ಇಳೀಲಿಲ್ಲ. ಮಂಕಾಳಿ ಮಾತ್ರ ಗುಡ್ಡ ಹತ್ತಲೇ ಇಲ್ಲ. ಅವಳು ಏನು ಮಾಡ್ತಿದ್ದಳು ಅಂತ ಹೇಳ್ತೀನಿ, ಕಣ್ಣು ತಿಕ್ಕಬೇಡ.

ಮೂರನೇ ಪರೀಕ್ಷೆ ದೊಡ್ಡದು. ಎರಡು ದೇವರ ಜನ ಬೆರೆತು ಎಳಿಯೋ ಬಲೆ ಮೈಲಿಗೆ, ಅದು ಮೀನು ತುಂಬಿ ಬರುವಾಗ ಹಗ್ಗ ಕಡಿದು ಬಾ ಅಂತ ಕೈಗೆ ಕತ್ತಿ ಕೊಟ್ಟನಂತೆ. ಬಲೆ ಸಮುದ್ರ ಸೇರಿದ್ರೆ ಆ ವರ್ಷ ಎರಡೂ ಕೇರಿಗೆ ಗಂಜಿಗೂ ಗತಿ ಇಲ್ಲ. ಜಟ್ಟನಿಗೆ ಅದು ಗೊತ್ತು. ಒಲ್ಲೆ ಅಂದ್ರೆ ಇಲ್ಲೂ ನನ್ನ ಜಾಗ ಹೋಗ್ತದೆ ಅಂತ ಹೆದರಿ ಕತ್ತಿ ತಗೊಂಡು ಇಳಿದ.

ಹಗ್ಗ ಕಡಿಯಬೇಕಾದ್ದು ನೀರಿನ ಹತ್ತಿರ, ಆದರೆ ಗುಡ್ಡದ ದಾರಿ ಬಂದು ಸೇರೋದು ಹಗ್ಗದ ಕೊನೆಗೆ. ಅಲ್ಲಿ ಬಂದು ನೋಡ್ತಾನೆ, ಅವನ ಜಾಗದಲ್ಲಿ ಅವ್ವ. ಸೆರಗು ಸೊಂಟಕ್ಕೆ ಕಟ್ಟಿ, ಹಿಮ್ಮಡಿ ಮರಳಲ್ಲಿ ಊರಿ ಎಳೀತಿದ್ದಾಳೆ. ಅವನು ಗುಡ್ಡಕ್ಕೆ ಹೋದ ದಿನದಿಂದ ಆ ಜಾಗ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲವಂತೆ. ಯಾರಾದ್ರೂ ಬಂದ್ರೆ, ಇದು ನಮ್ಮ ಜಟ್ಟಂದು, ಅವನು ಬರೋವರೆಗೆ ನಾನಿದ್ದೀನಿ ಅಂತಿದ್ದಳಂತೆ. ಅಂಗೈ ಸುಲಿದು ಹಗ್ಗವೆಲ್ಲ ರಕ್ತ.

ಕತ್ತಿ ನೋಡಿದಳು, ಕೂಗಲಿಲ್ಲ. ಕೈ ಉರೀತದೆ ಮಗಾ, ಸ್ವಲ್ಪ ಹೊತ್ತು ಹಿಡ್ಕೋ, ಆಮೇಲೆ ಏನು ಮಾಡ್ಬೇಕು ಅಂತಿದ್ದೀಯೋ ಮಾಡು ಅಂದಳಂತೆ.

ಜಟ್ಟನಿಗೆ ಆ ಕೈ ನೋಡೋಕಾಗಲಿಲ್ಲ. ಕತ್ತಿ ಮರಳಿಗೆ ಹಾಕಿ ಹಗ್ಗ ಹಿಡಿದ. ಹಿಡಿದದ್ದೇ ತಡ, ಇಡೀ ಊರು ಎಳಿಯೋ ಬಲ ಅವನ ಅಂಗೈಗೆ ತಾಕಿತು ಕೂಸೇ. ಅವನ ಮುಂದೆಯೇ ಬುದ್ಯಜ್ಜನ ಬೆನ್ನು, ಬೆವೆತು ನಡುಗ್ತಾ ಇತ್ತು. ಈಗ ಬಿಟ್ಟರೆ ಮುದುಕ ಬೀಳ್ತಾನೆ. ಜಟ್ಟ ಹಿಮ್ಮಡಿ ಊರಿದವನು ಬಲೆ ದಡ ಮುಟ್ಟೋವರೆಗೂ ಬಿಡಲಿಲ್ಲವಂತೆ.

ಪಾಲು ಹಾಕುವಾಗ ಹೊನ್ನಪ್ಪ ತಾನೇ ತಂದು ಅವನ ಮುಂದೆ ಮೀನು ಸುರಿದ. ಕರೀಬೇಕಿತ್ತು ಕಣೋ, ಮೀನು ಕಳಿಸಿದ್ರೆ ಸಾಕು ಅಂದ್ಕೊಂಡೆ ಅಂತ ತಲೆ ತಗ್ಗಿಸಿದ. ಜಟ್ಟ ಬುದ್ಯಜ್ಜನ ಕಾಲು ಹಿಡಿದು ಅತ್ತರೆ ಮುದುಕ, ಸಾಕು ಏಳೋ, ಮೊದಲು ಹೊಟ್ಟೆಗೆ ಗಂಜಿ ಹಾಕ್ಕೋ ಅಂದನಂತೆ.

ಗುಡ್ಡದವನು ಏನಾದ ಅಂತೀಯಾ? ಮಾರನೇ ದಿನ ಜಟ್ಟ ಗುಡ್ಡದ ಬುಡಕ್ಕೆ ಹೋಗಿ ಉಳಿದ ಹುಡುಗರನ್ನ ಒಬ್ಬೊಬ್ಬರ ಹೆಸರು ಹಿಡಿದು ಕರೆದನಂತೆ, ಬನ್ರೋ, ಹಗ್ಗಕ್ಕೆ ಜನ ಸಾಲ್ತಿಲ್ಲ ಅಂತ. ಎಲ್ಲರೂ ಒಂದೇ ಸಲಕ್ಕೆ ಬರಲಿಲ್ಲ. ಇವನೂ ಕರಿಯೋದು ಬಿಡಲಿಲ್ಲ. ಕೊನೆಗೆ ಬೆಂಕಿಗೆ ಸೌದೆ ತರೋರೇ ಇಲ್ಲದೆ ಗುಡ್ಡದವನು ಎದ್ದು ಹೋದನಂತೆ. ಅವನ ಕತ್ತಿಯಲ್ಲಿ ಮಂಕಾಳಿ ಎಷ್ಟೋ ವರ್ಷ ಮೀನು ಹೆಚ್ಚಿದಳು.

ಅವತ್ತಿಂದ ಆ ಊರಲ್ಲಿ ಹಗ್ಗ ಎಳೆಯೋ ಮೊದಲು ತಂಡೇಲ ಹಿಂದಕ್ಕೆ ತಿರುಗಿ, ಯಾರು ಬಂದಿಲ್ಲ ನೋಡ್ರೋ ಅಂತ ಕೇಳ್ತಾನಂತೆ. ಬಾರದವನ ಮನೆಗೆ ಮೀನು ಕಳಿಸೋಕೆ ಮೊದಲು ಒಬ್ಬರು ಹೋಗಿ ಕೈ ಹಿಡಿದು ಕರ್ಕೊಂಡು ಬರ್ತಾರೆ, ಅಲ್ಲಿವರೆಗೆ ಹಗ್ಗ ಎಳಿಯೋದಿಲ್ಲ.

ಕತೆ ಮುಗೀತು, ಬಲೆ ಒಣಗೋಕೆ ಹಾಕಿಯಾಯ್ತು. ನೀನೂ ಕಣ್ಣು ಮುಚ್ಚು.